ಸೂರ್ಯ ಮುಳುಗುವುದರೊಳಗೆ: ಬೈಬಲಿನ ಬೋಧನೆಯನ್ನು ದಿನದ ಬದುಕಿಗೆ ತರುವ ಬಗೆ

ಭಾನುವಾರ ದೇವಾಲಯದಲ್ಲಿ ಪ್ರಸಂಗ ಕೇಳುತ್ತೇವೆ. ಮನೆಯಲ್ಲಿ ಸತ್ಯವೇದ ಓದುತ್ತೇವೆ. ಓದಿದ್ದು ಸೋಮವಾರದ ಅಂಗಡಿಗೆ, ಆಫೀಸಿಗೆ, ಅಡುಗೆಮನೆಗೆ ಹೇಗೆ ಬರಬೇಕು ಎಂಬುದು ಮಾತ್ರ ಬಹಳ ಮಂದಿಗೆ ಬಗೆಹರಿಯುವುದಿಲ್ಲ. ಪ್ರೀತಿಯಿಂದ ಇರಬೇಕು, ನೀತಿಯಿಂದ ನಡೆಯಬೇಕು ಎಂದರೆ ಎಲ್ಲರೂ ತಲೆಯಾಡಿಸುತ್ತೇವೆ. ಸರಿ, ಇವತ್ತು ಏನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇವೆ.

ಈ ಪ್ರಶ್ನೆಗೆ ಬೈಬಲಿನಲ್ಲೇ ಒಂದು ಹಿಡಿತ ಸಿಗುತ್ತದೆ. ಮೂರು ಬೇರೆ ಬೇರೆ ವಿಷಯಗಳಿಗೆ ಅದು ಒಂದೇ ಗಡುವು ಹಾಕುತ್ತದೆ. ದಿನಗೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮುಂಚೆ ಕೊಟ್ಟುಬಿಡಬೇಕು (ಧರ್ಮೋಪದೇಶಕಾಂಡ 24:14–15). ಬಡವನ ಹೊದಿಕೆಯನ್ನು ಅಡವಿಟ್ಟುಕೊಂಡಿದ್ದರೆ ಸೂರ್ಯ ಮುಳುಗುವ ಮುಂಚೆ ಹಿಂದಿರುಗಿಸಬೇಕು (ವಿಮೋಚನಕಾಂಡ 22:26–27). ಕೋಪ ಬಂದರೆ ಸೂರ್ಯ ಮುಳುಗುವ ತನಕ ಅದನ್ನು ಇಟ್ಟುಕೊಳ್ಳಬಾರದು (ಎಫೆಸ 4:26). ಮೊದಲಿನ ಎರಡು ಮೋಶೆಯ ಧರ್ಮಶಾಸ್ತ್ರದವು. ಮೂರನೆಯದು ನೂರಾರು ವರ್ಷಗಳ ನಂತರ ಅಪೊಸ್ತಲನಾದ ಪೌಲನ ಪತ್ರದಲ್ಲಿ ಬಂದದ್ದು.

ಹಣ, ಸಾಲ, ಸಿಟ್ಟು. ಮನುಷ್ಯರ ನಡುವೆ ಜಗಳ ಹುಟ್ಟುವ ಮೂರು ಜಾಗಗಳು ಇವೇ. ಮೂರರಲ್ಲೂ ಸತ್ಯವೇದ ಒಂದೇ ಮಾತು ಹೇಳುತ್ತದೆ: ಇವತ್ತಿನ ಬಾಕಿಯನ್ನು ಇವತ್ತೇ ತೀರಿಸು. ನಂಬಿಕೆಯನ್ನು ದಿನದ ಲೆಕ್ಕಕ್ಕೆ ತಂದುಕೊಂಡರೆ ಅದು ಬದುಕಿನೊಳಗೆ ಬರುತ್ತದೆ. ಅದನ್ನು ಹೇಗೆ ಮಾಡಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಕೂಲಿ: ಬಟವಾಡೆ ತಡವಾಗಬಾರದು

ಕೂಲಿಯ ಆಜ್ಞೆಯಲ್ಲಿ ಕಾರಣವನ್ನೂ ಕೊಟ್ಟಿದೆ. ಕೆಲಸ ಮಾಡಿದವನು ಬಡವ, ಅವನ ಮನಸ್ಸೆಲ್ಲ ಆ ಹಣದ ಮೇಲಿದೆ. ಅವನು ನಮ್ಮ ಜನರವನಾದರೂ ಸರಿ, ನಮ್ಮ ಊರಲ್ಲಿ ನೆಲೆಸಿದ ಪರದೇಶಿಯಾದರೂ ಸರಿ, ನಿಯಮ ಒಂದೇ. ರಾಯಚೂರು, ಕಲಬುರಗಿಯಿಂದಲೋ ಬಿಹಾರ, ಅಸ್ಸಾಮಿನಿಂದಲೋ ಬಂದು ನಮ್ಮ ಮನೆ ಕಟ್ಟುವವರನ್ನು ನೆನೆದು ಈ ವಾಕ್ಯವನ್ನು ಓದಬೇಕು. ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿ ತಾನೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ ಎಂದು ಯಾಕೋಬ ಎಚ್ಚರಿಸುತ್ತಾನೆ (ಯಾಕೋಬ 5:4). ಯೇಸುಸ್ವಾಮಿ ಹೇಳಿದ ದ್ರಾಕ್ಷೀತೋಟದ ಸಾಮ್ಯದಲ್ಲೂ ಯಜಮಾನ ಸಂಜೆಯಾಗುತ್ತಲೇ ಆಳುಗಳನ್ನು ಕರೆಸಿ ಕೂಲಿ ಕೊಡಿಸುತ್ತಾನೆ. ಕೊನೆಯ ಗಳಿಗೆಯಲ್ಲಿ ಬಂದವನಿಗೂ ಮನೆ ನಡೆಯುವಷ್ಟು, ಪೂರ್ತಿ ಒಂದು ದಿನದ ಕೂಲಿ ಸಿಗುತ್ತದೆ (ಮತ್ತಾಯ 20:1–16).

ಶನಿವಾರದ ಸಂಜೆ ಕಟ್ಟಡದ ಕೆಲಸ ನಡೆಯುವ ಜಾಗಕ್ಕೆ ಹೋಗಿ ನಿಂತರೆ ಈ ವಾಕ್ಯದ ಅರ್ಥ ಕಣ್ಣಿಗೆ ಕಾಣುತ್ತದೆ. ಹೆಂಗಸರು ಕೈಕಾಲು ತೊಳೆದು, ಮಗುವನ್ನು ಸೊಂಟಕ್ಕೇರಿಸಿಕೊಂಡು ಮೇಸ್ತ್ರಿಯ ದಾರಿ ನೋಡುತ್ತಿರುತ್ತಾರೆ. ವಾರದ ಬಟವಾಡೆ ಬಂದರೆ ಸಂತೆ, ಬಾರದಿದ್ದರೆ ಅಂಗಡಿಯಲ್ಲಿ ಇನ್ನೊಂದು ವಾರ ಉದ್ರಿ. ಮಾಲೀಕರು ಮೇಸ್ತ್ರಿಗೆ ಕೊಡುವುದನ್ನು ಸೋಮವಾರಕ್ಕೆ ಮುಂದೂಡಿದರೆ ಅದರ ಪೆಟ್ಟು ಬೀಳುವುದು ಇವರ ಒಲೆಗೆ.

ಹಾಗಾಗಿ ಈ ಕೆಲವನ್ನು ರೂಢಿ ಮಾಡಿಕೊಳ್ಳಿ. ಮನೆಕೆಲಸಕ್ಕೆ ಬರುವವರ ಸಂಬಳಕ್ಕೆ ಒಂದು ತಾರೀಕು ಗೊತ್ತುಮಾಡಿ, ಅವರು ಕೇಳುವ ಮೊದಲೇ ಕೊಡಿ. ನೀವು ಊರಿಗೆ ಹೋದ ದಿನಗಳ ಸಂಬಳ ಹಿಡಿಯಬೇಡಿ; ಆ ದಿನ ಅವರಿಗೂ ಹಸಿವಾಗಿದೆ. ನಲ್ಲಿ ರಿಪೇರಿಯವರು, ಬಡಗಿ, ಬಣ್ಣ ಬಳಿಯುವವರು ಯಾರೇ ಆಗಲಿ, ರೇಟು ಮಾತಾಡುವುದನ್ನು ಕೆಲಸಕ್ಕೆ ಮುಂಚೆ ಮುಗಿಸಿ. ಕೆಲಸ ಆದ ಮೇಲೆ ಚೌಕಾಸಿ ಮಾಡುವುದು ದುಡಿದವರ ಕೈಯನ್ನು ಕಟ್ಟಿಹಾಕಿದ ಹಾಗೆ. ಮುಂಗಡ ಕೊಟ್ಟಿದ್ದೇವೆಂದು ಯಾರನ್ನೂ ಬೇರೆ ಕಡೆ ಹೋಗದಂತೆ ಕಟ್ಟಿಕೊಳ್ಳಬೇಡಿ. ನಿಮ್ಮದೇ ವ್ಯಾಪಾರವಿದ್ದರೆ, ಸಣ್ಣ ಸರಬರಾಜುದಾರರ ಬಿಲ್ಲನ್ನು ದೊಡ್ಡ ಕಂಪನಿಯ ಬಿಲ್ಲಿಗಿಂತ ಮೊದಲು ತೀರಿಸಿ.

ಸಾಲ: ಬಾಗಿಲ ಹೊರಗೆ ನಿಲ್ಲಬೇಕಾದವರು ಯಾರು?

ಸಾಲದ ಬಗ್ಗೆ ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಒಂದು ಸಣ್ಣ ವಿವರವಿದೆ. ಸಾಲ ಕೊಟ್ಟವನು ಅಡವಿನ ವಸ್ತುವನ್ನು ತರಲು ಸಾಲಗಾರನ ಮನೆಯೊಳಗೆ ನುಗ್ಗಬಾರದು. ಹೊರಗೆ ನಿಲ್ಲಬೇಕು, ಸಾಲಗಾರನೇ ಒಳಗಿನಿಂದ ತಂದುಕೊಡಬೇಕು. ಬೀಸುವ ಕಲ್ಲನ್ನಂತೂ ಅಡವಾಗಿ ತೆಗೆದುಕೊಳ್ಳಲೇಬಾರದು, ಅದು ಜೀವನಾಧಾರ. ಬಡವನಿಗೂ ತನ್ನ ಹೊಸ್ತಿಲೊಳಗೆ ಮಾನವಿದೆ, ಸಾಲ ಕೊಟ್ಟ ಮಾತ್ರಕ್ಕೆ ಆ ಹೊಸ್ತಿಲು ದಾಟುವ ಹಕ್ಕು ಬರುವುದಿಲ್ಲ ಎಂಬುದು ಇದರ ತಿರುಳು.

ಕಂತು ತಪ್ಪಿದ ಮನೆಯ ಮುಂದೆ ವಸೂಲಿಗೆ ಬಂದವರು ಕೂಗಾಡುವುದು, ಹೆಂಗಸರನ್ನು ಬೀದಿಯಲ್ಲಿ ಅವಮಾನ ಮಾಡುವುದು ನಮ್ಮ ಹಳ್ಳಿಗಳಿಗೆ ಗೊತ್ತಿಲ್ಲದ್ದೇನಲ್ಲ. ಕಿರುಸಾಲದ ವಸೂಲಿಯಲ್ಲಿ ನಡೆಯುವ ಇಂಥ ಬಲವಂತವನ್ನು ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕ್ರೈಸ್ತರಾದ ನಾವು ಕಾನೂನಿಗಾಗಿ ಕಾಯಬೇಕಾಗಿರಲಿಲ್ಲ. ಬಾಗಿಲ ಹೊರಗೆ ನಿಲ್ಲುವ ಆ ನಿಯಮ ನಮ್ಮ ಕೈಯಲ್ಲಿ ಮೊದಲಿಂದಲೂ ಇತ್ತು.

ಸಾಲ ಕೊಡುವವರು ನೀವಾದರೆ, ಸಭೆಯಲ್ಲೋ ಬಳಗದಲ್ಲೋ ಕಷ್ಟದಲ್ಲಿರುವವರಿಗೆ ಕೊಟ್ಟ ಕೈಸಾಲಕ್ಕೆ ಬಡ್ಡಿ ಹಾಕಬೇಡಿ (ವಿಮೋಚನಕಾಂಡ 22:25). ನಾಲ್ಕು ಜನರೆದುರು ಸಾಲದ ಮಾತೆತ್ತಬೇಡಿ. ಅವರ ಆಟೋ, ಹೊಲಿಗೆ ಯಂತ್ರ, ಹಸು ನಿಮ್ಮ ಕಾಲದ ಬೀಸುವ ಕಲ್ಲು. ಅವುಗಳ ಮೇಲೆ ಕಣ್ಣು ಹಾಕಬೇಡಿ. ಬರಗಾಲದಲ್ಲಿ ತಮ್ಮವರದೇ ಹೊಲ, ಮನೆಗಳನ್ನು ಒತ್ತೆ ಹಿಡಿದ ಸಿರಿವಂತರನ್ನು ನೆಹೆಮೀಯನು ಸಭೆ ಸೇರಿಸಿ ಎದುರಿಗೇ ಕೇಳಿದ. ಅವರು ಹೊಲಗಳನ್ನೂ ಬಡ್ಡಿಯನ್ನೂ ಹಿಂದಕ್ಕೆ ಕೊಡಬೇಕಾಯಿತು (ನೆಹೆಮೀಯ 5). ಸಭೆಯ ಹಿರಿಯರು ಈ ಅಧ್ಯಾಯವನ್ನು ವರ್ಷಕ್ಕೊಮ್ಮೆಯಾದರೂ ಒಟ್ಟಿಗೆ ಕೂತು ಓದುವುದು ಒಳ್ಳೆಯದು.

ಸಾಲ ಮಾಡುವವರಿಗೂ ಸತ್ಯವೇದ ರಿಯಾಯಿತಿ ಕೊಡುವುದಿಲ್ಲ. ಸಾಲ ತೆಗೆದುಕೊಂಡು ಕೊಡದಿರುವುದನ್ನು ಅದು ದುಷ್ಟತನ ಎನ್ನುತ್ತದೆ (ಕೀರ್ತನೆಗಳು 37:21). ಹೇಳಿದ ದಿನಕ್ಕೆ ಕೊಡಲಾಗದು ಎಂದು ಗೊತ್ತಾದರೆ ಆ ದಿನ ಬರುವ ಮೊದಲೇ ನೀವಾಗಿ ಹೋಗಿ ಹೇಳಿ. ಫೋನ್ ಎತ್ತದೆ ತಪ್ಪಿಸಿಕೊಂಡು ತಿರುಗಬೇಡಿ. ಜಾಮೀನಿಗೆ ಸಹಿ ಹಾಕುವ ಮುಂಚೆ ಜ್ಞಾನೋಕ್ತಿಗಳು 22:26–27 ತೆಗೆದು ನೋಡಿ. ಕೊಡಲು ಗತಿಯಿಲ್ಲದವನು ಜಾಮೀನು ನಿಂತರೆ ಮಲಗುವ ಹಾಸಿಗೆಯೂ ಹೋದೀತು ಎಂಬ ಎಚ್ಚರಿಕೆ ಅಲ್ಲಿದೆ. ನೆಂಟರ ಮುಖ ನೋಡಿ ಸಹಿ ಹಾಕಿ, ಆಮೇಲೆ ಜೀವಮಾನವಿಡೀ ಮುಖ ತಿರುಗಿಸಿಕೊಳ್ಳುವುದಕ್ಕಿಂತ, ಕೈಲಾದಷ್ಟು ಹಣವನ್ನು ಹಿಂದಕ್ಕೆ ಕೇಳದಂತೆ ಕೊಟ್ಟುಬಿಡುವುದು ಮೇಲು.

ತಕ್ಕಡಿ: ಚೀಲದಲ್ಲಿ ಎರಡು ಕಲ್ಲು

ಹಿಂದಿನ ವರ್ತಕರು ತೂಕದ ಕಲ್ಲುಗಳನ್ನು ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಕೊಳ್ಳುವಾಗ ದೊಡ್ಡ ಕಲ್ಲು, ಮಾರುವಾಗ ಚಿಕ್ಕ ಕಲ್ಲು. ಇದನ್ನು ಧರ್ಮಶಾಸ್ತ್ರ ನೇರವಾಗಿ ಹೆಸರಿಟ್ಟು ನಿಷೇಧಿಸುತ್ತದೆ (ಧರ್ಮೋಪದೇಶಕಾಂಡ 25:13–16). ಸಬ್ಬತ್ ಯಾವಾಗ ಮುಗಿದೀತು, ಅಂಗಡಿ ಯಾವಾಗ ತೆಗೆದೇವು ಎಂದು ಚಡಪಡಿಸುತ್ತ, ಅಳತೆ ಕಿರಿದು ಮಾಡಿ ಗೋದಿಯ ಜೊತೆ ಹೊಟ್ಟನ್ನೂ ಮಾರುವವರ ಮೇಲೆ ಪ್ರವಾದಿ ಆಮೋಸ ಹರಿಹಾಯುತ್ತಾನೆ (ಆಮೋಸ 8:4–6). ಅವರು ಆರಾಧನೆ ತಪ್ಪಿಸಿದವರಲ್ಲ ಎಂಬುದನ್ನು ಗಮನಿಸಿ. ಹಬ್ಬ, ಸಬ್ಬತ್ ಎಲ್ಲ ನಡೆಸಿಕೊಂಡೇ ತಕ್ಕಡಿಯಲ್ಲಿ ಮೋಸ ಮಾಡುತ್ತಿದ್ದರು.

ಈಗ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ, ಆದರೆ ಚೀಲದ ಎರಡು ಕಲ್ಲು ಹೋಗಿಲ್ಲ. ಸಿಹಿತಿಂಡಿ ಅಂಗಡಿಯಲ್ಲಿ ರಟ್ಟಿನ ಡಬ್ಬವನ್ನೂ ಸೇರಿಸಿ ತೂಗಿದರೆ ಗಿರಾಕಿ ಮೈಸೂರುಪಾಕಿನ ಬೆಲೆಗೆ ರಟ್ಟನ್ನು ಕೊಂಡಂತಾಗುತ್ತದೆ. ಡಬ್ಬ ಇಟ್ಟು ಸೊನ್ನೆಗೆ ತರುವ ಗುಂಡಿ ಯಂತ್ರದಲ್ಲೇ ಇದೆ, ಒತ್ತಬೇಕಷ್ಟೆ. ಆಫೀಸಿನಲ್ಲಿರುವವರಿಗೆ ಪ್ರಯಾಣ ಭತ್ಯೆಯ ಬಿಲ್ಲು, ಹಾಜರಿ ಪುಸ್ತಕ, ರಜೆ ಅರ್ಜಿ ಇವೇ ತಕ್ಕಡಿ. ಮೇಷ್ಟರಿಗೆ ಉತ್ತರಪತ್ರಿಕೆ ತಕ್ಕಡಿ. ಮನೆಯಲ್ಲಿ ಮಗ, ಮಗಳಿಗೆ ಒಂದೊಂದು ಅಳತೆ ಇದ್ದರೆ ಅದೂ ಎರಡು ಕಲ್ಲೇ.

ಹಿಂದೆ ಮೋಸ ಆಗಿಹೋಗಿದ್ದರೆ ಏನು ಮಾಡುವುದು? ಸುಂಕದವನಾದ ಜಕ್ಕಾಯನ ಕಥೆ ಅದಕ್ಕೆ ದಾರಿ ತೋರಿಸುತ್ತದೆ. ಯೇಸುಸ್ವಾಮಿ ಮನೆಗೆ ಬಂದ ದಿನವೇ ಅವನು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಸಿದದ್ದಕ್ಕೆ ನಾಲ್ಕರಷ್ಟು ಎಂದು ನಿಂತಲ್ಲೇ ಲೆಕ್ಕ ಹೇಳಿದ (ಲೂಕ 19:1–10). ಪಶ್ಚಾತ್ತಾಪಕ್ಕೆ ಕಣ್ಣೀರಿನ ಜೊತೆ ಹಣದ ಲೆಕ್ಕವೂ ಬೇಕು. ಯಾರಿಂದ ತೆಗೆದುಕೊಂಡಿರಿ ಎಂದು ಗೊತ್ತಿದ್ದರೆ ಅವರಿಗೇ ಹಿಂದಿರುಗಿಸಿ. ಕಾಣಿಕೆ ಡಬ್ಬಿಗೆ ಹಾಕಿದರೆ ಅವರ ಬಾಕಿ ತೀರುವುದಿಲ್ಲ.

ಕೋಪ: ರಾತ್ರಿಗೆ ಉಳಿಸಬೇಡಿ

ಕೋಪವೇ ಬರಬಾರದು ಎಂದು ಪೌಲ ಹೇಳಲಿಲ್ಲ. ಬಂದ ಕೋಪ ಪಾಪಕ್ಕೆ ಎಳೆಯದಿರಲಿ, ರಾತ್ರಿಗೆ ಉಳಿಯದಿರಲಿ ಎಂದ. ಉಳಿದ ಕೋಪ ಸೈತಾನನಿಗೆ ಜಾಗ ಬಿಟ್ಟುಕೊಟ್ಟಂತೆ ಎಂದೂ ಸೇರಿಸಿದ (ಎಫೆಸ 4:26–27). ಅಣ್ಣತಮ್ಮಂದಿರ ಬೇಲಿ ಜಗಳ ಮೂರು ತಲೆಮಾರು ನಡೆಯುವುದನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ರಾಜಿಗೆ ಯೇಸುಸ್ವಾಮಿ ಕೊಟ್ಟ ಕ್ರಮ ಸ್ಪಷ್ಟವಾಗಿದೆ. ಕಾಣಿಕೆ ತರುವಾಗ ಸಹೋದರನ ಮನಸ್ಸಿನಲ್ಲಿ ನಿಮ್ಮ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗಬೇಕು (ಮತ್ತಾಯ 5:23–24). ತಪ್ಪು ಅವನದಾದರೆ ಮೊದಲು ಒಬ್ಬರೇ ಹೋಗಿ ಮಾತಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಸಭೆಯ ಮುಂದೆ ಹೇಳುವುದು ಆಮೇಲಿನ ಮಾತು (ಮತ್ತಾಯ 18:15–17). ನಾವು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತೇವೆ. ಮೊದಲು ಊರಿಗೆಲ್ಲ ಹೇಳುತ್ತೇವೆ, ಆಮೇಲೆ ಇಬ್ಬರಿಗೆ ದೂರುತ್ತೇವೆ, ಆ ಮನುಷ್ಯನ ಹತ್ತಿರ ಮಾತ್ರ ಹೋಗುವುದೇ ಇಲ್ಲ.

ಮಂಗಳೂರಿನ ಕಥೋಲಿಕ ಮನೆಗಳಲ್ಲಿ ಸಂಜೆ ಜಪಮಾಲೆ ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಕೇಳುವ ಪದ್ಧತಿ ಇದೆ. ಕೊಂಕಣಿಯಲ್ಲಿ ಅದಕ್ಕೆ 'ಬೆಸಾಂವ್' ಎನ್ನುತ್ತಾರೆ. ಮಧ್ಯಾಹ್ನ ಬೈಸಿಕೊಂಡು ಮುಖ ಊದಿಸಿಕೊಂಡಿದ್ದ ಹುಡುಗನೂ ಅಪ್ಪನ ಮುಂದೆ ಬರಲೇಬೇಕು, ಅಪ್ಪನೂ ಅವನ ತಲೆಯ ಮೇಲೆ ಕೈಯಿಡಲೇಬೇಕು. ಇಬ್ಬರೂ ಕ್ಷಮೆಯ ಮಾತನ್ನು ಬಾಯಿಬಿಟ್ಟು ಆಡದಿದ್ದರೂ ಜಗಳ ಅಲ್ಲಿಗೆ ಮುಗಿಯುತ್ತದೆ. ನಿಮ್ಮ ಮನೆಯಲ್ಲಿ ಇಂಥ ಪದ್ಧತಿ ಇಲ್ಲದಿದ್ದರೆ ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುವುದನ್ನಾದರೂ ತಪ್ಪಿಸಬೇಡಿ. ಮಕ್ಕಳಿಗೆ ಅಪ್ಪ ಅಮ್ಮನೇ ಮೊದಲು "ತಪ್ಪಾಯ್ತು ಮಗಾ" ಎನ್ನಲಿ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ಹೊಡೆತ ತಿನ್ನುವ ಹೆಂಡತಿಗೆ "ಕ್ಷಮಿಸಿ ಹೊಂದಿಕೊಂಡು ಹೋಗಮ್ಮ" ಎಂದು ಬುದ್ಧಿ ಹೇಳುವುದು ಬೈಬಲಿನ ಬೋಧನೆಯಲ್ಲ. ಎಫೆಸದವರಿಗೆ ಬರೆದ ಅದೇ ಪತ್ರ ಗಂಡಂದಿರು ಹೆಂಡತಿಯರನ್ನು ತಮ್ಮ ಸ್ವಂತ ಶರೀರದಂತೆ ಪ್ರೀತಿಸಬೇಕು ಎನ್ನುತ್ತದೆ (ಎಫೆಸ 5:28). ಕ್ಷಮೆ ಮತ್ತು ರಕ್ಷಣೆ ಎರಡೂ ಬೇಕು, ರಕ್ಷಣೆ ಮೊದಲು. ಅಂಥ ಮನೆಯಿದ್ದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗಾಗಿ 1098 ಇದೆ. ಸಭಾಪಾಲಕರೂ ಗುರುಗಳೂ ಈ ನಂಬರುಗಳನ್ನು ಪ್ರಕಟಣೆ ಫಲಕದಲ್ಲಿ ಹಾಕಲಿ.

ಮಾತು: ಕಳಿಸುವ ಮುಂಚೆ ಕೇಳಿಕೊಳ್ಳಬೇಕಾದ್ದು

ಸುಳ್ಳು ಸುದ್ದಿಯನ್ನು ಹಬ್ಬಿಸಬಾರದು ಎಂಬುದು ಮೋಶೆಯ ಕಾಲದ ಆಜ್ಞೆ (ವಿಮೋಚನಕಾಂಡ 23:1). ವಾಟ್ಸಾಪಿಗೆ ಇದಕ್ಕಿಂತ ಒಳ್ಳೆಯ ನಿಯಮ ಬೇಕಿಲ್ಲ. ಮೊದಲು ಮಾತಾಡಿದವನದೇ ಸರಿ ಎನಿಸುತ್ತದೆ, ಇನ್ನೊಬ್ಬ ಬಂದು ಪ್ರಶ್ನಿಸುವವರೆಗೆ ಮಾತ್ರ ಎಂದು ಜ್ಞಾನೋಕ್ತಿ ಹೇಳುತ್ತದೆ (18:17). ಪ್ರಾರ್ಥನಾ ಗುಂಪುಗಳಲ್ಲಿ ಇನ್ನೊಂದು ಎಚ್ಚರ ಬೇಕು. "ಇವರಿಗಾಗಿ ಪ್ರಾರ್ಥಿಸಿ" ಎಂಬ ಹೆಸರಿನಲ್ಲಿ ಒಬ್ಬರ ಕಾಯಿಲೆ, ಸಂಸಾರದ ಬಿರುಕು, ಮಗಳ ಮದುವೆಯ ಸಂಗತಿ ಇನ್ನೂರು ಜನರಿಗೆ ಹೋಗುತ್ತದೆ. ಅವರ ಒಪ್ಪಿಗೆ ಕೇಳದೆ ಕಳಿಸಬೇಡಿ. ಹೆಸರು ಹೇಳದಿದ್ದರೂ ದೇವರಿಗೆ ಯಾರೆಂದು ಗೊತ್ತಾಗುತ್ತದೆ.

ವಿಶ್ರಾಂತಿ: ದಾಸಿಗೂ ನಿನ್ನಂತೆಯೇ

ಸಬ್ಬತ್ ಶುರುವಾಗುವುದೂ ಸೂರ್ಯ ಮುಳುಗಿದಾಗಲೇ. ಧರ್ಮೋಪದೇಶಕಾಂಡದಲ್ಲಿ ಆ ಆಜ್ಞೆಗೆ ಕೊಟ್ಟ ಉದ್ದೇಶ ನೋಡಿ: ಮನೆಯ ದಾಸನೂ ದಾಸಿಯೂ ಯಜಮಾನನಂತೆಯೇ ದಣಿವಾರಿಸಿಕೊಳ್ಳಬೇಕು. ಎತ್ತು, ಕತ್ತೆಗಳಿಗೂ ಆ ದಿನ ಬಿಡುವು (5:14). ನಾವು ಭಾನುವಾರ ಆರಾಧನೆಗೆ ಹೋಗಿ, ಮಧ್ಯಾಹ್ನ ನೆಂಟರನ್ನು ಕರೆದು, ಪಾತ್ರೆಯ ರಾಶಿಯನ್ನು ಕೆಲಸದವರಿಗೆ ಬಿಟ್ಟರೆ ಆಜ್ಞೆಯ ಅರ್ಧ ಮಾತ್ರ ನಡೆಸಿದಂತಾಯಿತು. ಮನೆಕೆಲಸದವರಿಗೂ ಡ್ರೈವರಿಗೂ ವಾರಕ್ಕೊಂದು ದಿನ ಸಂಬಳ ಸಮೇತ ರಜೆ ಕೊಡಿ. ಕ್ರಿಸ್ಮಸ್ಸಿಗೆ ಮಾತ್ರವಲ್ಲ, ಅವರ ಯುಗಾದಿಗೆ, ರಂಜಾನಿಗೆ ಕೂಡ. ಭಾನುವಾರ ಅಮ್ಮನ ಒಲೆಗೂ ಬಿಡುವು ಸಿಗಲಿ. ಆ ದಿನ ಗಂಡ, ಮಕ್ಕಳು ಅಡುಗೆಗೆ ನಿಲ್ಲಲಿ.

ಕೊಡುವುದು: ಅಡುಗೆಗೆ ಮುಂಚೆ ಒಂದು ಹಿಡಿ

ಕೊಡುವುದನ್ನೂ ಸತ್ಯವೇದ ಮನಸ್ಸು ಬಂದಾಗಿನ ಕೆಲಸವಾಗಿ ಬಿಡುವುದಿಲ್ಲ. ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ತಮ್ಮ ಆದಾಯಕ್ಕೆ ತಕ್ಕಂತೆ ಬೇರೆ ತೆಗೆದಿಡಬೇಕು ಎಂದು ಪೌಲ ಕೊರಿಂಥದವರಿಗೆ ಬರೆದ (1 ಕೊರಿಂಥ 16:2). ಹೊಲದ ಅಂಚಿನ ಪೈರನ್ನು ಕೊಯ್ಯದೆ, ಬಿದ್ದ ತೆನೆಯನ್ನು ಆರಿಸದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂಬುದು ಹಳೆಯ ನಿಯಮ (ಯಾಜಕಕಾಂಡ 19:9–10). ವಿಧವೆ ರೂತಳು ಬೋವಜನ ಹೊಲದಲ್ಲಿ ತೆನೆ ಆಯ್ದು ಅತ್ತೆಯನ್ನು ಸಾಕಿದ್ದು ಈ ನಿಯಮದಿಂದಲೇ.

ನಮ್ಮ ಸಭೆಗಳ ಹೆಂಗಸರು ಇದನ್ನು ಅಡುಗೆಮನೆಗೆ ತಂದರು. ಅನ್ನಕ್ಕೆ ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು, ತುಂಬಿದಾಗ ದೇವಾಲಯಕ್ಕೆ ತರುವುದು ಹಿಡಿ ಅಕ್ಕಿಯ ಪದ್ಧತಿ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಹೆಂಗಸರು 1910ರಲ್ಲಿ ಶುರುಮಾಡಿದ ಇದೇ ಬಗೆಯ ಹಿಡಿ ಅಕ್ಕಿ ಅಲ್ಲಿನ ಸಭೆಯನ್ನೇ ಕಟ್ಟಿ ನಿಲ್ಲಿಸಿದೆ. ಕೈಯಲ್ಲಿ ಕಾಸಿಲ್ಲದ ಹೆಣ್ಣುಮಗಳೂ ಇದರಲ್ಲಿ ದಾನಿ. ಅಡುಗೆ ಆಗುವ ಮುಂಚೆಯೇ ತೆಗೆದಿಡುವುದರಿಂದ ಉಳಿದದ್ದನ್ನು ಕೊಟ್ಟೆವು ಎಂಬ ಭಾವಕ್ಕೂ ಎಡೆಯಿಲ್ಲ. ಸಂಬಳದವರು ಹಾಗೆಯೇ ತಿಂಗಳ ಮೊದಲ ದಿನ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿಟ್ಟುಕೊಳ್ಳಬಹುದು. ದಶಮಾಂಶ ಕಷ್ಟವಾದರೆ ಸಾಧ್ಯವಾದಷ್ಟರಿಂದ ಶುರುಮಾಡಿ, ಒತ್ತಾಯಕ್ಕೆ ಕೊಡಬೇಡಿ (2 ಕೊರಿಂಥ 9:7). ಕೊಟ್ಟು ಸುಮ್ಮನಾಗಬೇಡಿ, ಹೋಗಿ ನೋಡಿಯೂ ಬನ್ನಿ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಝನಾಮ್ ಮತ್ತು ಗೆಳೆಯರು ಕಟ್ಟಿದ ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆ ಇಂದಿಗೂ ಬಡವರ ಮನೆಗೆ ಹೋಗಿ ಕೂತು ಮಾತಾಡುವುದನ್ನೇ ಮುಖ್ಯ ಕೆಲಸವಾಗಿ ಇಟ್ಟುಕೊಂಡಿದೆ.

ಸಂಜೆಯ ಲೆಕ್ಕ: ಐದು ಹೆಜ್ಜೆ

ಇಷ್ಟನ್ನೂ ನೆನಪಿನಲ್ಲಿಟ್ಟು ನಡೆಸಲು ಒಂದು ಸಾಧನ ಬೇಕು. ಹದಿನಾರನೇ ಶತಮಾನದಲ್ಲಿ ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲಾದ ಸಂತ ಇಗ್ನೇಷಿಯಸ್ ಅಂಥದ್ದೊಂದನ್ನು ಬಿಟ್ಟುಹೋಗಿದ್ದಾರೆ. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಶುರುಮಾಡಿದ ಯೇಸುಸಭೆಯ ಗುರುಗಳು ದಿನವೂ ಮಾಡುವ ಆತ್ಮಶೋಧನೆ ಇದೇ. ಯಾವ ಸಭೆಯವರಾದರೂ ಹತ್ತು ನಿಮಿಷದಲ್ಲಿ ಮಾಡಬಹುದು.

1. ಇವತ್ತು ಸಿಕ್ಕಿದ ಒಳ್ಳೆಯದನ್ನು ಹೆಸರು ಹಿಡಿದು ನೆನೆದು ದೇವರಿಗೆ ಸ್ತೋತ್ರ ಹೇಳಿ.
2. ನನ್ನ ದಿನವನ್ನು ಸರಿಯಾಗಿ ಕಾಣಲು ಬೆಳಕು ಕೊಡು ಎಂದು ಬೇಡಿಕೊಳ್ಳಿ.
3. ಎದ್ದ ಗಳಿಗೆಯಿಂದ ಈಗಿನವರೆಗೆ ಯಾರನ್ನು ಕಂಡೆ, ಏನು ಆಡಿದೆ, ಯಾರಿಗೆ ಏನು ಬಾಕಿ ಉಳಿಸಿದೆ ಎಂದು ಕ್ರಮವಾಗಿ ನೋಡಿ.
4. ತಪ್ಪಿದ್ದಕ್ಕೆ ಕ್ಷಮೆ ಕೇಳಿ.
5. ನಾಳೆ ಮಾಡುವ ಒಂದೇ ಒಂದು ಕೆಲಸವನ್ನು ಗೊತ್ತುಮಾಡಿಕೊಳ್ಳಿ.

ಮೂರನೆಯ ಹೆಜ್ಜೆಯಲ್ಲಿ ಯಾರದ್ದಾದರೂ ಹೆಸರು ಬಂದರೆ, ಹೊತ್ತು ಮೀರಿಲ್ಲದಿದ್ದರೆ ಪ್ರಾರ್ಥನೆ ನಿಲ್ಲಿಸಿ ಫೋನ್ ಮಾಡಿ. ಕಾಣಿಕೆ ಬಿಟ್ಟು ಹೋಗು ಎಂದ ಸ್ವಾಮಿ, ಪ್ರಾರ್ಥನೆಯನ್ನು ಬಿಟ್ಟು ಹೋದರೂ ಬೇಸರಪಡುವುದಿಲ್ಲ.

ಇದೆಲ್ಲ ಯಾಕೆ?

ದೇವರ ಮೆಚ್ಚುಗೆ ಗಳಿಸಲಿಕ್ಕಾಗಿ ಎಂದುಕೊಂಡರೆ ಈ ಪಟ್ಟಿ ಒಂದೇ ವಾರದಲ್ಲಿ ಹೊರೆಯಾಗುತ್ತದೆ. ರಕ್ಷಣೆ ಕೃಪೆಯಿಂದ ಬಂದ ವರ. ಸತ್ಕ್ರಿಯೆಗಳು ಅದರ ಹಿಂದೆ ಬರುವವು (ಎಫೆಸ 2:8–10). ತೀರಿಸಲು ಸಾಧ್ಯವೇ ಇಲ್ಲದಷ್ಟು ದೊಡ್ಡ ಸಾಲವನ್ನು ಅರಸ ಮನ್ನಾ ಮಾಡಿದ ಮೇಲೂ, ಜೊತೆಯ ಆಳಿನ ಚಿಲ್ಲರೆ ಸಾಲಕ್ಕಾಗಿ ಅವನ ಕುತ್ತಿಗೆ ಹಿಡಿದವನ ಸಾಮ್ಯವನ್ನು ಯೇಸುಸ್ವಾಮಿ ಹೇಳಿದ್ದಾರೆ (ಮತ್ತಾಯ 18:21–35). ನಮ್ಮ ಸಾಲ ಮನ್ನಾ ಆಗಿದೆ ಎಂದು ನಿಜವಾಗಿ ನಂಬಿದವರ ಕೈ ಇನ್ನೊಬ್ಬರ ಕುತ್ತಿಗೆಗೆ ಹೋಗುವುದಿಲ್ಲ. ನಾಳೆಯ ಚಿಂತೆ ನಾಳೆಗಿರಲಿ ಎಂದ ಸ್ವಾಮಿ ನಮ್ಮಿಂದ ಕೇಳುವುದೂ ಇವತ್ತಿನ ನಂಬಿಗಸ್ತಿಕೆಯನ್ನೇ.

ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಮೇಲಿನವುಗಳಲ್ಲಿ ಓದುವಾಗ ಯಾವುದು ನಿಮ್ಮನ್ನು ಚುಚ್ಚಿತೋ ಅದರಿಂದ ಆರಂಭಿಸಿ. ಒಂದು ತಿಂಗಳು ಅದೊಂದನ್ನೇ ನಡೆಸಿ, ಮನೆಯವರಿಗೆ ಹೇಳಿಯೇ ನಡೆಸಿ. ತಪ್ಪಿದಾಗ ಅವರು ನೆನಪಿಸುತ್ತಾರೆ. ಯಾರಿಗೂ ಏನೂ ಬಾಕಿ ಉಳಿಸಿಕೊಳ್ಳಬಾರದು, ಪ್ರೀತಿಯ ಋಣವೊಂದನ್ನು ಬಿಟ್ಟು ಎಂದು ಪೌಲ ರೋಮಾಪುರದವರಿಗೆ ಬರೆದ (ರೋಮಾಪುರ 13:8). ಕೂಲಿ, ಕೈಸಾಲ, ಕ್ಷಮೆಯ ಮಾತು ಇವನ್ನೆಲ್ಲ ದಿನದಿನವೂ ತೀರಿಸುತ್ತ ಬಂದವರಿಗೆ ಆ ಕೊನೆಯ ಋಣವನ್ನು ಹೊರಲು ಬೇಕಾದ ಬಲ ಬರುತ್ತದೆ. ಇವತ್ತು ಯಾರಿಗಾದರೂ ನೀವು ಕೊಡಬೇಕಾದ್ದು ಇದ್ದರೆ, ಮೊದಲು ಅದನ್ನು ಕೊಟ್ಟು ಬನ್ನಿ.